ತರಬೇತಿ ವೀಸಾ: ಅಮೆರಿಕ, ಜರ್ಮನಿ, ಜಪಾನ್, ಆಸ್ಟ್ರೇಲಿಯಾ – ಯಾರಿಗೆ ಯಾವುದು?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುವ ಫಿಟ್ಟರ್, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಅಪ್ರೆಂಟಿಸ್ ಮುಗಿಸಿದ ಎಲೆಕ್ಟ್ರಿಷಿಯನ್, ಕೊಪ್ಪಳದಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ಹುಡುಗಿ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹತ್ತು ವರ್ಷ ಹೊಲಿದ ಟೇಲರ್. ಈ ನಾಲ್ವರಿಗೂ ಏಜೆಂಟ್ ಹೇಳುವುದು ಒಂದೇ ಮಾತು: "ಟ್ರೈನಿಂಗ್ ವೀಸಾ ಐತ್ರಿ, ಕಲ್ತಂಗೂ ಆತು, ಗಳಿಸಿದಂಗೂ ಆತು." ಆದರೆ ಒಂದು ದೇಶದ ತರಬೇತಿ ವೀಸಾದಲ್ಲಿ ದುಡಿದರೆ ತಪ್ಪು, ಇನ್ನೊಂದರಲ್ಲಿ ದುಡಿಯದಿದ್ದರೆ ತಪ್ಪು. ಒಂದರಲ್ಲಿ ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟಬೇಕು, ಇನ್ನೊಂದು ಅಲ್ಲೇ ನೆಲೆ ನಿಲ್ಲಲು ದಾರಿ. ಹಾಗಾಗಿ ದೇಶ ಯಾವುದು ಎಂದು ಕೇಳುವ ಮೊದಲು ಮೂರು ಸಂಗತಿ ತಿಳಿದುಕೊಳ್ಳಬೇಕು. ಅಲ್ಲಿ ಸಂಬಳಕ್ಕೆ ದುಡಿಯಲು ಕಾನೂನು ಬಿಡುತ್ತದೆಯೇ? ವೀಸಾದ ಜುಟ್ಟು ಯಾರ ಕೈಯಲ್ಲಿದೆ, ಅಂದರೆ ಮಾಲೀಕ ಬೇಡ ಎಂದರೆ ನೀವು ಬೇರೆ ಕಡೆ ಸೇರಬಹುದೇ? ಅವಧಿ ಮುಗಿದ ದಿನ ಕೈಯಲ್ಲಿ ಉಳಿಯುವುದು ಹಣವೋ, ಆ ದೇಶ ಒಪ್ಪುವ ಸರ್ಟಿಫಿಕೇಟೋ, ಇಲ್ಲಾ ಬರೀ ಅನುಭವದ ಪತ್ರವೋ?

ಅಮೆರಿಕದ ಎಚ್-3: ಕಂಪನಿ ಕಳಿಸಿದರೆ ಮಾತ್ರ

ಹೆಸರೇ 'ಟ್ರೈನಿ' ವೀಸಾ ಆದ್ದರಿಂದ ಏಜೆಂಟರಿಗೆ ಇದರ ಮೇಲೆ ಬಲು ಪ್ರೀತಿ. ಆದರೆ ನಮ್ಮ ಭಾಗದ ನೂರು ಜನರಲ್ಲಿ ಇದು ಹೊಂದುವುದು ಒಬ್ಬಿಬ್ಬರಿಗೆ. ಇದರಲ್ಲಿ ಅರ್ಜಿ ಹಾಕುವುದು ನೀವಲ್ಲ, ಅಮೆರಿಕದ ಕಂಪನಿ. ಅದು ಅಲ್ಲಿನ ವಲಸೆ ಇಲಾಖೆಗೆ ಐ-129 ಅರ್ಜಿ ಸಲ್ಲಿಸಿ ನಾಲ್ಕು ಮಾತು ಸಾಬೀತು ಮಾಡಬೇಕು: ಈ ತರಬೇತಿ ಭಾರತದಲ್ಲಿ ಸಿಗುವುದಿಲ್ಲ, ಅಲ್ಲಿನವರು ಮಾಮೂಲಿಯಾಗಿ ಮಾಡುವ ಕೆಲಸಕ್ಕೆ ನಿಮ್ಮನ್ನು ಹಾಕುವುದಿಲ್ಲ, ಕಲಿಕೆಗೆ ಬೇಕಾದಷ್ಟು ಬಿಟ್ಟರೆ ಉತ್ಪಾದನೆಯ ಕೆಲಸ ಮಾಡಿಸುವುದಿಲ್ಲ, ಕಲಿತದ್ದು ಅಮೆರಿಕದ ಹೊರಗಿನ ನಿಮ್ಮ ವೃತ್ತಿಗೆ ಉಪಯೋಗವಾಗುತ್ತದೆ.

ಅರ್ಜಿ ಬೀಳುವುದು ಮೊದಲ ಮಾತಿನಲ್ಲೇ. ಟಿಗ್ ವೆಲ್ಡಿಂಗ್ ಕಲಿಸುತ್ತೇವೆ ಎಂದು ಬರೆದರೆ ಅದು ಇಲ್ಲಿನ ಐಟಿಐನಲ್ಲೇ ಇದೆ, ಮುಗಿಯಿತು ಕತೆ. ಅದೇ, ಇಲ್ಲಿನ ರೋಲಿಂಗ್ ಮಿಲ್‌ಗೆ ಅಮೆರಿಕದ ಕಂಪನಿಯೊಂದು ನಿಯಂತ್ರಣ ವ್ಯವಸ್ಥೆ ಕೂರಿಸಿದೆ, ಅದರ ದೋಷಪತ್ತೆಯನ್ನು ತಯಾರಕರು ತಮ್ಮ ಕಾರ್ಖಾನೆಯಲ್ಲಷ್ಟೇ ಕಲಿಸುತ್ತಾರೆ ಎಂದಾದರೆ ಅರ್ಜಿಗೆ ಕಾಲು ಬರುತ್ತದೆ. ಬೀಳಲು ಇನ್ನೊಂದು ಕಾರಣ ಸಡಿಲವಾದ ತರಬೇತಿ ಯೋಜನೆ. ತರಗತಿಯಲ್ಲಿ ಎಷ್ಟು ಗಂಟೆ, ಯಂತ್ರದ ಮುಂದೆ ಎಷ್ಟು ಗಂಟೆ, ಅದರಲ್ಲಿ ಮೇಲ್ವಿಚಾರಕ ಇಲ್ಲದೆ ಎಷ್ಟು, ಪರೀಕ್ಷಿಸುವವರು ಯಾರು, ಹಣ ಕೊಡುವವರು ಯಾರು, ನಿಮಗೆ ಕಲಿಸಿ ಕಂಪನಿಗೇನು ಲಾಭ – ಇಷ್ಟೂ ಇರಬೇಕು. ಮೂರನೆಯದು ಕೇಳಲು ವಿಚಿತ್ರ, ಆದರೆ ನಿಜ: ಆ ವಿದ್ಯೆಯಲ್ಲಿ ನೀವು ಈಗಾಗಲೇ ಪಳಗಿದವರಾದರೆ ಕಲಿಯುವುದೇನಿದೆ ಎಂದು ತಿರಸ್ಕರಿಸುತ್ತಾರೆ. ಇಪ್ಪತ್ತು ವರ್ಷದ ಅನುಭವವನ್ನು ಉದ್ದಕ್ಕೆ ಬರೆದು ಕೆಟ್ಟ ಅರ್ಜಿಗಳಿವೆ.

ಅವಧಿ ಗರಿಷ್ಠ 2 ವರ್ಷ. ಅಷ್ಟನ್ನೂ ಬಳಸಿದರೆ 6 ತಿಂಗಳು ಹೊರಗಿದ್ದ ಮೇಲೆಯೇ ಮತ್ತೆ ಎಚ್ ಅಥವಾ ಎಲ್ (ಕೆಲಸ, ತರಬೇತಿಯ ವರ್ಗಗಳು) ವೀಸಾ. ಎಚ್-4ರಲ್ಲಿ ಜೊತೆಗೆ ಬರುವ ಹೆಂಡತಿ ಅಥವಾ ಗಂಡ ದುಡಿಯುವಂತಿಲ್ಲ. ಎಚ್-1ಬಿಗೆ ಇರುವ ವಾರ್ಷಿಕ ಮಿತಿ, ಲಾಟರಿ ಎಚ್-3 ಟ್ರೈನಿಗಳಿಗೆ ಇಲ್ಲ ಎಂಬುದು ಇದರ ಒಂದು ಅನುಕೂಲ. ಇಲ್ಲಿನ ಕಂಪನಿಯೇ ಸಂಬಳ ಕೊಟ್ಟು ಕೆಲವು ವಾರಗಳಿಗೆ ಕಳಿಸುವುದಾದರೆ, 'ಎಚ್-3ರ ಬದಲಿಗೆ' ಎಂದು ಗುರುತು ಹಾಕಿದ ಬಿ-1 (ವ್ಯವಹಾರ ಭೇಟಿ) ವೀಸಾ ಕೇಳುವುದೂ ಉಂಟು. ಆಗ ಅಮೆರಿಕದ ಕಡೆಯಿಂದ ಸಂಬಳ ಪಡೆಯುವಂತಿಲ್ಲ.

ಒಟ್ಟಿನಲ್ಲಿ, ನಿಮ್ಮ ಈಗಿನ ಕಂಪನಿಗೂ ಅಮೆರಿಕದ ಕಂಪನಿಗೂ ಸಂಬಂಧ ಇಲ್ಲದಿದ್ದರೆ ಎಚ್-3ರ ಮಾತು ಬಿಡಿ. ಹೊರಗಿನವರು ಯಾರಾದರೂ ಅದನ್ನು ಮಾರುತ್ತಿದ್ದರೆ ಅವರು ಮಾರುತ್ತಿರುವುದು ವೀಸಾ ಅಲ್ಲ.

ಜೆ-1: ಡಿಪ್ಲೊಮಾ, ಪದವಿ ಇದ್ದವರಿಗೆ

ಇದೂ ಅಮೆರಿಕದ್ದೇ, ಆದರೆ ದಾರಿ ಬೇರೆ. ಇಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸ್ಪಾನ್ಸರ್ ಸಂಸ್ಥೆಯೊಂದು ನಡುವೆ ಇರುತ್ತದೆ. ನೀವು ಕಲಿಯುವ ಕಂಪನಿ ಬೇರೆ ಇರಬಹುದು. ಟ್ರೈನಿ ವರ್ಗಕ್ಕೆ ಪದವಿ ಅಥವಾ ವೃತ್ತಿ ಪ್ರಮಾಣಪತ್ರದ ಜೊತೆ ಅದೇ ಕ್ಷೇತ್ರದಲ್ಲಿ ಅಮೆರಿಕದ ಹೊರಗೆ 1 ವರ್ಷದ ಅನುಭವ ಬೇಕು; ಓದಿನ ಕಾಗದ ಇಲ್ಲದಿದ್ದರೆ 5 ವರ್ಷದ ಅನುಭವ. ಇಂಟರ್ನ್ ವರ್ಗ ಓದುತ್ತಿರುವವರಿಗೆ, ಇಲ್ಲವೇ ಓದು ಮುಗಿದು 12 ತಿಂಗಳು ದಾಟದವರಿಗೆ. ಟ್ರೈನಿಗೆ 18 ತಿಂಗಳವರೆಗೆ, ಹೋಟೆಲ್ ಮತ್ತು ಪ್ರವಾಸೋದ್ಯಮದಲ್ಲಿ 12, ಇಂಟರ್ನ್‌ಗೆ 12. ವಾರಕ್ಕೆ ಕನಿಷ್ಠ 32 ಗಂಟೆ.

ಎಲ್ಲಕ್ಕೂ ಬುಡ ಡಿಎಸ್-7002 ಎಂಬ ತರಬೇತಿ ಯೋಜನೆ. ಅದರಲ್ಲಿ ಹಂತ ಹಂತವಾಗಿ ಏನು ಕಲಿಸುತ್ತಾರೆ ಎಂದು ಬರೆದು ಕಂಪನಿ, ಸ್ಪಾನ್ಸರ್, ನೀವು ಮೂವರೂ ಸಹಿ ಹಾಕುತ್ತೀರಿ. ಸಂದರ್ಶನದಲ್ಲಿ ಅಧಿಕಾರಿ ಕೇಳುವುದೂ ಅದರ ಒಳಗಿನದ್ದೇ. ಅದನ್ನು ಓದದೆ ಸಹಿ ಹಾಕಿದವರು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. ಕೌಶಲ ಬೇಡದ ಕೂಲಿ ಕೆಲಸ, ಮಕ್ಕಳ ಅಥವಾ ವೃದ್ಧರ ಆರೈಕೆ, ರೋಗಿಯನ್ನು ಮುಟ್ಟಿ ಮಾಡುವ ಕೆಲಸ ಯಾವುದೂ ಈ ವರ್ಗದಲ್ಲಿ ನಡೆಯುವುದಿಲ್ಲ. ಗುಮಾಸ್ತಿಕೆ ಶೇ 20 ದಾಟಬಾರದು. ಹಾಗಾಗಿ ನರ್ಸಿಂಗ್ ಓದಿದವರಿಗೆ "ಜೆ-1ರಲ್ಲಿ ಆಸ್ಪತ್ರೆ ಕೆಲಸ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಖರ್ಚು ನಿಮ್ಮದೇ. ಸೆವಿಸ್ (ಅಲ್ಲಿಗೆ ಓದಲು, ಕಲಿಯಲು ಬರುವವರ ನೋಂದಣಿ ವ್ಯವಸ್ಥೆ) ಶುಲ್ಕ 220 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ಸ್ಪಾನ್ಸರ್ ಶುಲ್ಕ ಬೇರೆ, ವಿಮೆ ಬೇರೆ. ವಿಮೆ ಒಂದು ಕಾಯಿಲೆಗೆ ಕನಿಷ್ಠ 1 ಲಕ್ಷ ಡಾಲರ್ ಭರಿಸುವಂತಿರಬೇಕು. ಹಿಂದೆ ಭಾರತೀಯರಿಗೆ ಕೌಶಲ ಪಟ್ಟಿಯ (ಯಾವ ದೇಶಕ್ಕೆ ಯಾವ ಕೌಶಲ ಬೇಕು ಎಂದು ಅಮೆರಿಕ ಮಾಡಿದ ಪಟ್ಟಿ) ಕಾರಣ 'ತರಬೇತಿ ಮುಗಿದ ಮೇಲೆ 2 ವರ್ಷ ತಾಯ್ನಾಡಿನಲ್ಲಿ ಇರಲೇಬೇಕು' ಎಂಬ ಷರತ್ತು ಬೀಳುತ್ತಿತ್ತು. 2024ರ ಡಿಸೆಂಬರ್ 9ರಿಂದ ಆ ಪಟ್ಟಿಯಲ್ಲಿ ಭಾರತ ಇಲ್ಲ; ಸರ್ಕಾರಿ ಹಣದಲ್ಲಿ ಹೋದವರಿಗೆ ಮತ್ತು ವೈದ್ಯಕೀಯ ಉನ್ನತ ತರಬೇತಿಯವರಿಗೆ ಷರತ್ತು ಉಳಿದಿದೆ. ಹಳೆಯ ಮಾಹಿತಿ ಇಟ್ಟುಕೊಂಡು ಇದನ್ನೇ ಗುಮ್ಮ ಮಾಡಿ ತೋರಿಸುವವರು ಈಗಲೂ ಇದ್ದಾರೆ.

ಅಮೆರಿಕದ ಎರಡೂ ವೀಸಾಗಳಿಗೆ ನೀವು ಮರಳಿ ಬರುವವರು ಎಂಬ ನಂಬಿಕೆ ಅಧಿಕಾರಿಗೆ ಹುಟ್ಟಬೇಕು. ಪಹಣಿಗಿಂತ ಇಲ್ಲಿನ ಕಂಪನಿ ಕೊಟ್ಟ 'ಬಂದ ಮೇಲೆ ಈ ಹುದ್ದೆ' ಎಂಬ ಪತ್ರಕ್ಕೆ ತೂಕ ಹೆಚ್ಚು. ರಾಯಚೂರಿನವರಿಗೆ ಹೈದರಾಬಾದ್ ಕಾನ್ಸುಲೇಟ್ ಹತ್ತಿರ. ಕರ್ನಾಟಕದವರು ಚೆನ್ನೈಗೇ ಹೋಗಬೇಕೆಂದಿಲ್ಲ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಲೆಕ್ಕ ಹಾಕಿಕೊಂಡು ಹೊರಡಿ.

ಜರ್ಮನಿಯ ಆಸ್‌ಬಿಲ್ಡುಂಗ್: ನಿಧಾನ, ಆದರೆ ಬೇರು ಬಿಡುವ ದಾರಿ

ಪಿಯುಸಿ ಅಥವಾ ಐಟಿಐ ಮುಗಿದು, ವಯಸ್ಸು ಚಿಕ್ಕದಿದ್ದು, ಒಂದು ವರ್ಷ ಭಾಷೆಗೆ ಕೊಡಬಲ್ಲವರಿಗೆ ನಾವು ಮೊದಲು ಹೇಳುವುದು ಇದನ್ನೇ. ಆಸ್‌ಬಿಲ್ಡುಂಗ್ ಎಂದರೆ ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕೆಲಸ, ಕೆಲವು ದಿನ ವೃತ್ತಿಶಾಲೆ, ತಿಂಗಳಿಗೆ ಭತ್ಯೆ, ಕೊನೆಗೆ ಆ ದೇಶದ್ದೇ ಪ್ರಮಾಣಪತ್ರ. ಇಂಡಸ್ಟ್ರಿಯಲ್ ಮೆಕ್ಯಾನಿಕ್, ಎಲೆಕ್ಟ್ರಾನಿಕ್ಸ್, ಮೆಕಟ್ರಾನಿಕ್ಸ್ ಮೂರೂವರೆ ವರ್ಷ; ನರ್ಸಿಂಗ್, ಅಡುಗೆ, ಹೋಟೆಲ್ ಮೂರು ವರ್ಷ; ಅಂಗಡಿ ಮಾರಾಟ ಎರಡು ವರ್ಷ. ತರಬೇತಿ ವರ್ಷ ಆರಂಭವಾಗುವುದು ಆಗಸ್ಟ್ ಅಥವಾ ಸೆಪ್ಟೆಂಬರ್ 1ಕ್ಕೆ. ಕಂಪನಿಗಳು ಆಯ್ಕೆಯನ್ನು ಸುಮಾರು ಒಂದು ವರ್ಷ ಮುಂಚೆಯೇ ಶುರು ಮಾಡುತ್ತವೆ. ಮೇ ತಿಂಗಳಲ್ಲಿ ಅರ್ಜಿ ಹಾಕಿ ಆ ವರ್ಷದ ಸೆಪ್ಟೆಂಬರ್‌ಗೆ ಹೋಗುತ್ತೇನೆ ಎಂದರೆ ವೀಸಾ ಕೈಗೆ ಬರುವಷ್ಟರಲ್ಲಿ ತರಗತಿ ಅರ್ಧ ದಾಟಿರುತ್ತದೆ.

ದೊಡ್ಡ ಗುಡ್ಡ ಎಂದರೆ ಭಾಷೆ. ಜರ್ಮನ್‌ನಲ್ಲಿ ಬಿ1, ಅಂದರೆ ದಿನನಿತ್ಯದ ವ್ಯವಹಾರ ನಡೆಸಬಲ್ಲ ಮಧ್ಯಮ ಮಟ್ಟ ಬೇಕು. ನರ್ಸಿಂಗ್‌ನಲ್ಲಿ ಅದರ ಮೇಲಿನ ಬಿ2 ಕೇಳುವವರೇ ಹೆಚ್ಚು. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಲೆಕ್ಕದಲ್ಲಿ ಬಿ1ಗೆ 45 ನಿಮಿಷದ 350ರಿಂದ 650 ಪಾಠಗಳು. ದಿನಕ್ಕೆ ಎರಡು ಗಂಟೆ ಕೂತರೆ ಎಂಟರಿಂದ ಹನ್ನೆರಡು ತಿಂಗಳು ಹಿಡಿಯಿರಿ. ಮೂರು ತಿಂಗಳಲ್ಲಿ ಬಿ1 ಎಂಬ ಜಾಹೀರಾತು ಬರೀ ಬೊಗಳೆ. ಪರೀಕ್ಷೆಯಲ್ಲಿ ಓದು, ಆಲಿಸು, ಬರೆ, ಮಾತಾಡು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ 100ಕ್ಕೆ 60. ಒಂದು ಭಾಗ ಬಿದ್ದರೆ ಅದೊಂದನ್ನೇ ಮತ್ತೆ ಬರೆಯಬಹುದು, ಇದು ಅನೇಕರಿಗೆ ಗೊತ್ತಿಲ್ಲ. ನಮ್ಮವರು ಸಾಮಾನ್ಯವಾಗಿ ಬೀಳುವುದು ಆಲಿಸುವುದರಲ್ಲಿ. ವ್ಯಾಕರಣ ಪುಸ್ತಕದಿಂದ ಬರುತ್ತದೆ, ಕಿವಿ ಪುಸ್ತಕದಿಂದ ತಯಾರಾಗದು.

ಹಣದ ಲೆಕ್ಕ ನೋಡೋಣ. ಕಾನೂನು ನಿಗದಿ ಮಾಡಿದ ಮೊದಲ ವರ್ಷದ ಕನಿಷ್ಠ ಭತ್ಯೆ 2025ರಲ್ಲಿ ತಿಂಗಳಿಗೆ 682 ಯೂರೋ. ಸರ್ಕಾರಿ ಆಸ್ಪತ್ರೆಗಳ ನರ್ಸಿಂಗ್ ತರಬೇತಿಯಲ್ಲಿ 1,300ಕ್ಕಿಂತ ಹೆಚ್ಚು. 1,100 ಯೂರೋ ಎಂದು ಹಿಡಿದರೆ ವಿಮೆ, ಪಿಂಚಣಿ ಕಡಿತವಾಗಿ ಕೈಗೆ ಸುಮಾರು 870. ಹಂಚಿಕೊಂಡ ಮನೆಯ ಕೋಣೆಗೆ 350ರಿಂದ 500, ಊಟಕ್ಕೆ 200ರಿಂದ 250. ಉಳಿದದ್ದು ಬಸ್ಸು, ಫೋನು, ಚಳಿಗಾಲದ ಕೋಟಿಗೆ. ಮೊದಲ ವರ್ಷ ಊರಿಗೆ ಹಣ ಬರುತ್ತದೆ ಎಂದು ಮನೆಯವರು ಬಡ್ಡಿ ಸಾಲ ಮಾಡಿದ್ದರೆ ಅಲ್ಲಿಂದಲೇ ತಾಪತ್ರಯ ಶುರು. ಭತ್ಯೆ ಬದುಕಿಗೆ ಸಾಲದು ಎನಿಸಿದರೆ ಕೊರತೆಯಷ್ಟನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಮುಂಚೆಯೇ ತೋರಿಸಬೇಕು. 2024ರ ಮಾರ್ಚ್‌ನಿಂದ ವಾರಕ್ಕೆ 20 ಗಂಟೆ ಬೇರೆ ಕೆಲಸಕ್ಕೂ ಅವಕಾಶ ಇದೆ, ಆದರೆ ವೃತ್ತಿಶಾಲೆಯ ಓದಿನ ಜೊತೆ ಅದು ಹೇಳಿದಷ್ಟು ಸುಲಭವಲ್ಲ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದು ಪ್ರೊಬೇಷನ್: ಸಾಮಾನ್ಯವಾಗಿ 1ರಿಂದ 4 ತಿಂಗಳು, ನರ್ಸಿಂಗ್‌ನಲ್ಲಿ 6. ಈ ಅವಧಿಯಲ್ಲಿ ಎರಡೂ ಕಡೆಯವರು ಕಾರಣ ಹೇಳದೆ ಒಪ್ಪಂದ ಮುರಿಯಬಹುದು. ಮಾಲೀಕ ತೆಗೆದನೆಂದು ಮರುದಿನವೇ ವಿಮಾನ ಹತ್ತಬೇಕಿಲ್ಲ. ನಿಮ್ಮ ತಪ್ಪಿಲ್ಲದೆ ತರಬೇತಿ ನಿಂತರೆ ಬೇರೆ ಜಾಗ ಹುಡುಕಲು 6 ತಿಂಗಳವರೆಗೆ ಸಮಯ ಕೊಡುತ್ತಾರೆ. ಎರಡನೆಯದು, ವಾರವಾರ ಬರೆಯಬೇಕಾದ ತರಬೇತಿ ದಿನಚರಿ. ಅದು ಪೂರ್ತಿ ಇಲ್ಲದಿದ್ದರೆ ಅಂತಿಮ ಪರೀಕ್ಷೆಗೇ ಕೂರಿಸುವುದಿಲ್ಲ. ನಮ್ಮ ಕಾಲೇಜಿನ ರೆಕಾರ್ಡ್ ಪುಸ್ತಕದಂತೆ ಕೊನೆಯ ವಾರದಲ್ಲಿ ಗೆಳೆಯನದ್ದು ನೋಡಿ ಬರೆಯಲು ಅಲ್ಲಿ ಆಗದು, ಮೇಲ್ವಿಚಾರಕರ ಸಹಿ ಬೀಳುತ್ತಾ ಹೋಗಬೇಕು. ಅಂತಿಮ ಪರೀಕ್ಷೆ ಫೇಲಾದರೆ ಹೆಚ್ಚಿನ ವೃತ್ತಿಗಳಲ್ಲಿ ಎರಡು ಬಾರಿ ಮತ್ತೆ ಬರೆಯಬಹುದು.

ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ. ಆ ವೃತ್ತಿಯಲ್ಲೇ ಎರಡು ವರ್ಷ ದುಡಿದರೆ ಉಳಿದ ಷರತ್ತುಗಳೊಂದಿಗೆ ಕಾಯಂ ವಾಸದ ಅರ್ಜಿ. ಉಳಿದ ದೇಶಗಳ ತರಬೇತಿಯಲ್ಲಿ ಇಲ್ಲದ್ದು ಇದೇ.

ಕಂಪನಿ ಇನ್ನೂ ಸಿಕ್ಕಿಲ್ಲ, ಅಲ್ಲೇ ಹೋಗಿ ಹುಡುಕುತ್ತೇನೆ ಎನ್ನುವವರಿಗೂ ಒಂದು ವೀಸಾ ಇದೆ: ವಯಸ್ಸು 35ರೊಳಗೆ, ಬಿ1 ಭಾಷೆ, ಕಾಲೇಜು ಸೇರಲು ಅರ್ಹತೆ ಕೊಡುವ ಓದು, ಅಂದರೆ ನಮ್ಮಲ್ಲಿ ಪಿಯುಸಿ, ಮತ್ತು ಖರ್ಚಿಗೆ ಹಣ. 9 ತಿಂಗಳ ಅವಧಿ, ವಾರಕ್ಕೆ 20 ಗಂಟೆ ಕೆಲಸ. ಭಾಷೆ ಗಟ್ಟಿ ಇದ್ದವರಿಗೆ ಮಾತ್ರ ಇದು. ಇಲ್ಲದಿದ್ದರೆ ಒಂಬತ್ತು ತಿಂಗಳು ಹೋಟೆಲ್‌ನಲ್ಲಿ ತಟ್ಟೆ ತೊಳೆದು ಹಿಂದಿರುಗುವ ವೀಸಾ ಆಗುತ್ತದೆ.

ಒಂದು ಎಚ್ಚರಿಕೆ ನರ್ಸುಗಳಿಗೆ. ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರನ್ನು ಮತ್ತೆ ಮೂರು ವರ್ಷದ ಆಸ್‌ಬಿಲ್ಡುಂಗ್‌ಗೆ ತಳ್ಳುವ ಏಜೆಂಟರಿದ್ದಾರೆ. ನಿಮ್ಮ ದಾರಿ ಅದಲ್ಲ. ಇರುವ ಓದಿಗೆ ಮಾನ್ಯತೆ ಪಡೆಯುವ ವೀಸಾ ಬೇರೆ ಇದೆ. ಕೊರತೆ ಇದ್ದಷ್ಟಕ್ಕೆ ಕೆಲವು ತಿಂಗಳ ಹೊಂದಾಣಿಕೆ ತರಬೇತಿ ಅಥವಾ ಒಂದು ಪರೀಕ್ಷೆ, ಆಮೇಲೆ ಪೂರ್ಣ ನರ್ಸ್ ಸಂಬಳ. ಓದಿದ್ದನ್ನೇ ಓದಿ ಮೂರು ವರ್ಷ ಕಳೆಯುವುದಕ್ಕೂ ಅದಕ್ಕೂ ಬಹಳ ಅಂತರ.

ಅರ್ಜಿ ಜರ್ಮನ್ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್ ಮೂಲಕ. ಕರ್ನಾಟಕದವರು ಬೆಂಗಳೂರು ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ಶುಲ್ಕ 75 ಯೂರೋ. ಕೊಪ್ಪಳ, ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು; ಆದರೂ ಅಪಾಯಿಂಟ್‌ಮೆಂಟ್ ದಿನವೇ ಇಳಿಯುವ ಸಾಹಸ ಬೇಡ, ರೈಲಿನ ತಡವನ್ನು ಕಾನ್ಸುಲೇಟ್ ಕೇಳುವುದಿಲ್ಲ.

ಜಪಾನ್: ಬೇಗ ಗಳಿಕೆ, ಬಿಗಿ ಹಗ್ಗ

ಇಲ್ಲಿ ಎರಡು ಬಾಗಿಲು. ಒಂದು ತಾಂತ್ರಿಕ ಇಂಟರ್ನ್ ತರಬೇತಿ, ಟಿಐಟಿಪಿ. ಇದು 1993ರಿಂದ ಇದೆ. ಭಾರತದ ಜೊತೆ ಒಪ್ಪಂದ ಆದದ್ದು 2017ರಲ್ಲಿ. 1, 2, 2 ವರ್ಷಗಳ ಮೂರು ಹಂತ, ಒಟ್ಟು 5 ವರ್ಷ. ಇನ್ನೊಂದು ನಿರ್ದಿಷ್ಟ ಕೌಶಲ ವೀಸಾ, ಎಸ್‌ಎಸ್‌ಡಬ್ಲ್ಯೂ. 2019ರಲ್ಲಿ ಶುರುವಾದ ಇದು ತರಬೇತಿಯಲ್ಲ, ನೇರ ಉದ್ಯೋಗ. ಮೊದಲ ವರ್ಗದಲ್ಲಿ ಒಟ್ಟು 5 ವರ್ಷ. ಎರಡರಲ್ಲೂ ಕುಟುಂಬ ಕರೆದೊಯ್ಯಲು ಬಿಡುವುದಿಲ್ಲ.

ಟಿಐಟಿಪಿಗೆ ಭಾಷೆಯ ಅಡ್ಡಿ ಕಡಿಮೆ. ಹೆಚ್ಚಿನ ಕೆಲಸಗಳಿಗೆ ಮೂಲಭೂತ ಜಪಾನಿ ಸಾಕು, ವೃದ್ಧರ ಆರೈಕೆಗೆ ಮಾತ್ರ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಕೇಳುತ್ತಾರೆ. ಹೋದ ಮೇಲೆ ಮೊದಲು ಸುಮಾರು ಒಂದು ತಿಂಗಳು ಪಾಠ, ಆಮೇಲೆ ಕೆಲಸ. ಮೊದಲ ವರ್ಷದ ಕೊನೆಗೆ ಮೂಲ ಮಟ್ಟದ ಕೌಶಲ ಪರೀಕ್ಷೆ. ಅದು ಪಾಸಾಗದಿದ್ದರೆ ಎರಡನೇ ಹಂತ ಇಲ್ಲ, ಮರಳಬೇಕು. ದೊಡ್ಡ ತೊಡಕು, ಕಂಪನಿ ಬದಲಿಸಲು ಆಗದಿರುವುದು. ಮಾಲೀಕ ದಿವಾಳಿಯಾದರೆ, ಕಿರುಕುಳ ಕೊಟ್ಟರೆ ಎಂಬಂಥ ಅನಿವಾರ್ಯ ಕಾರಣ ಬಿಟ್ಟರೆ ಅದೇ ಬಾಗಿಲಲ್ಲೇ ಇರಬೇಕು. ಓಡಿಹೋದವರು ಬೇಗನೆ ಅಕ್ರಮ ವಾಸಿಗಳ ಲೆಕ್ಕಕ್ಕೆ ಜಾರುತ್ತಾರೆ.

ಈ ದೂರುಗಳ ಕಾರಣಕ್ಕೇ ಜಪಾನ್ 2024ರ ಜೂನ್‌ನಲ್ಲಿ ಕಾನೂನು ಬದಲಿಸಿತು. 2027ರ ಏಪ್ರಿಲ್‌ನಿಂದ ಟಿಐಟಿಪಿ ಜಾಗಕ್ಕೆ 3 ವರ್ಷದ ಹೊಸ ವ್ಯವಸ್ಥೆ ಬರುತ್ತದೆ. ಅದರಲ್ಲಿ ಒಂದೆರಡು ವರ್ಷ ಆದ ಮೇಲೆ ಷರತ್ತಿನ ಮೇಲೆ ಕಂಪನಿ ಬದಲಿಸಬಹುದು; ಗುರಿಯೇ ಎಸ್‌ಎಸ್‌ಡಬ್ಲ್ಯೂ ಮಟ್ಟಕ್ಕೆ ತಯಾರು ಮಾಡುವುದು. ಆದ್ದರಿಂದ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು "ಇದು ಹಳೆಯ ಪದ್ಧತಿಯೋ ಹೊಸದೋ?" ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಎಸ್‌ಎಸ್‌ಡಬ್ಲ್ಯೂಗೆ ಜಪಾನಿ ಭಾಷೆಯ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಇನ್ನೊಂದು ಭಾಷಾ ಪರೀಕ್ಷೆ, ಜೊತೆಗೆ ಆಯಾ ಕ್ಷೇತ್ರದ ಕೌಶಲ ಪರೀಕ್ಷೆ. ಆರೈಕೆ ಕೆಲಸಕ್ಕೆ ಇನ್ನೊಂದು ಭಾಷಾ ಪರೀಕ್ಷೆ ಹೆಚ್ಚು. ಎನ್4ಗೆ ಕೂತು ಓದಿದರೆ ಆರರಿಂದ ಎಂಟು ತಿಂಗಳು. ಆದರೆ ಅದೇ ಕ್ಷೇತ್ರದ ಒಳಗೆ ಕಂಪನಿ ಬದಲಿಸುವ ಸ್ವಾತಂತ್ರ್ಯ ಇದರಲ್ಲಿ ಇದೆ. ಟಿಐಟಿಪಿ ಎರಡನೇ ಹಂತವನ್ನು ಸರಿಯಾಗಿ ಮುಗಿಸಿದವರಿಗೆ ಅದೇ ಕ್ಷೇತ್ರದಲ್ಲಿ ಈ ಪರೀಕ್ಷೆಗಳ ವಿನಾಯಿತಿ. ಆರು ತಿಂಗಳು ಹೆಚ್ಚು ಓದಲು ಮನೆಯ ಪರಿಸ್ಥಿತಿ ಬಿಡುವುದಾದರೆ ಟಿಐಟಿಪಿ ಬಿಟ್ಟು ಎಸ್‌ಎಸ್‌ಡಬ್ಲ್ಯೂ ಹಿಡಿಯುವುದೇ ಮೇಲು.

ಗಳಿಕೆ: ಗಂಟೆಯ ಕನಿಷ್ಠ ಕೂಲಿ ಪ್ರಾಂತ್ಯಕ್ಕೊಂದು, 2025ರ ಪರಿಷ್ಕರಣೆಯ ನಂತರ ದೇಶದ ಸರಾಸರಿ 1,121 ಯೆನ್. ಹಳ್ಳಿಗಾಡಿನ ಪ್ರಾಂತ್ಯದಲ್ಲಿ 1,050 ಎಂದಿಟ್ಟುಕೊಂಡು ತಿಂಗಳಿಗೆ 165 ಗಂಟೆ ದುಡಿದರೆ ಸುಮಾರು 1.73 ಲಕ್ಷ ಯೆನ್. ವಿಮೆ, ಪಿಂಚಣಿ, ತೆರಿಗೆ, ಕೋಣೆ ಬಾಡಿಗೆ ಕಳೆದು 1.15ರಿಂದ 1.25 ಲಕ್ಷ, ಸ್ವಂತ ಅಡುಗೆ ಮಾಡಿಕೊಂಡರೆ 80ರಿಂದ 90 ಸಾವಿರ ಯೆನ್ ಉಳಿಯುತ್ತದೆ. ಯೆನ್‌ಗೆ 60 ಪೈಸೆಯೊಳಗೆ ಹಿಡಿಯಿರಿ. ಅಂದರೆ ತಿಂಗಳಿಗೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. ಏಜೆಂಟ್ ಹೇಳುವ ಒಂದೂವರೆ ಲಕ್ಷ ರೂಪಾಯಿ ಕಡಿತದ ಮೊದಲಿನದ್ದು, ಅದೂ ಓವರ್‌ಟೈಮ್ ಸೇರಿಸಿ.

ಇನ್ನೊಂದು ಹಣ ಬಹಳ ಜನ ಬಿಟ್ಟೇ ಬರುತ್ತಾರೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಟ್ಟಿದ ಪಿಂಚಣಿ ಹಣದ ಒಂದು ಭಾಗವನ್ನು ದೇಶ ಬಿಟ್ಟ 2 ವರ್ಷದೊಳಗೆ ಅರ್ಜಿ ಹಾಕಿ ಒಟ್ಟಿಗೆ ವಾಪಸ್ ಪಡೆಯಬಹುದು. ಅದರಿಂದ ಶೇ 20.42 ತೆರಿಗೆ ಮುರಿದುಕೊಳ್ಳುತ್ತಾರೆ. ಹೊರಡುವ ಮುಂಚೆ ಜಪಾನಿನಲ್ಲೇ ಒಬ್ಬ ತೆರಿಗೆ ಪ್ರತಿನಿಧಿಯನ್ನು ನೇಮಿಸಿದ್ದರೆ ಆ ತೆರಿಗೆಯನ್ನೂ ಮರಳಿ ಕೇಳಬಹುದು. ಪಿಂಚಣಿ ಪುಸ್ತಕದ ಅಥವಾ ಸಂಖ್ಯೆಯ ಪ್ರತಿ ಇಲ್ಲದೆ ಊರಿಗೆ ಬಂದರೆ ಮಾತ್ರ ಈ ಹಣಕ್ಕೆ ಪರದಾಟ ತಪ್ಪಿದ್ದಲ್ಲ.

ಟ್ರೈನಿಯ ಪಾಸ್‌ಪೋರ್ಟ್ ಅನ್ನು ಕಂಪನಿ ಇಟ್ಟುಕೊಳ್ಳುವುದು, 'ನಡುವೆ ಬಿಟ್ಟರೆ ಇಷ್ಟು ಲಕ್ಷ ದಂಡ' ಎಂದು ಮುಚ್ಚಳಿಕೆ ಬರೆಸಿಕೊಳ್ಳುವುದು ಜಪಾನಿನ ಕಾನೂನಿನಲ್ಲೇ ನಿಷಿದ್ಧ. ಇಲ್ಲಿ ಬಿಳಿ ಛಾಪಾ ಕಾಗದಕ್ಕೆ ಅಪ್ಪನ ಸಹಿ ಕೇಳುವ ಕಚೇರಿಗೆ ಇದನ್ನು ಹೇಳಿ ನೋಡಿ, ಮುಖದ ಬಣ್ಣ ಬದಲಾಗುತ್ತದೆ.

ಆಸ್ಟ್ರೇಲಿಯಾದ 407 ತರಬೇತಿ ವೀಸಾ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಮ್ಮ ಕಡೆಯಿಂದ ಹೊಂದುವವರು ಕಡಿಮೆ. ಅವಧಿ 2 ವರ್ಷದವರೆಗೆ. ಮೊದಲು ಅಲ್ಲಿನ ಸಂಸ್ಥೆ ಸ್ಪಾನ್ಸರ್ ಆಗಿ ಮಾನ್ಯವಾಗಬೇಕು, ನಂತರ ನಿಮ್ಮನ್ನು ಹೆಸರಿಸಬೇಕು, ಮೂರನೆಯದಾಗಿ ನಿಮ್ಮ ವೀಸಾ ಅರ್ಜಿ. ಕೌಶಲ ಹೆಚ್ಚಿಸುವ ವರ್ಗಕ್ಕೆ ಹಿಂದಿನ 24 ತಿಂಗಳಲ್ಲಿ ಆ ವೃತ್ತಿಯಲ್ಲಿ 12 ತಿಂಗಳ ಕೆಲಸ ಅಥವಾ ಓದು ಇರಬೇಕು. ವಾರಕ್ಕೆ 30 ಗಂಟೆ, ಅದರಲ್ಲಿ ಶೇ 70 ಕೆಲಸದ ಜಾಗದಲ್ಲೇ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಸರಾಸರಿ 4.5ರಷ್ಟು ಸಾಕು. ಕುಟುಂಬವನ್ನು ಅರ್ಜಿಯಲ್ಲಿ ಸೇರಿಸಬಹುದು. ವೃತ್ತಿ ನೋಂದಣಿಗೆ ಕೆಲವು ತಿಂಗಳ ತರಬೇತಿ ಬಾಕಿ ಇರುವವರಿಗೆ ಒಳ್ಳೆಯದು. ಸ್ಪಾನ್ಸರ್ ಮಾಡಲು ನಿಮ್ಮಿಂದಲೇ ಹಣ ಕೇಳುವುದು ಅಲ್ಲಿ ಅಪರಾಧ, ಕೊಡುವವರೂ ತಪ್ಪಿತಸ್ಥರು.

ಹಾಗಾದರೆ ಆ ನಾಲ್ವರು

ಫಿಟ್ಟರ್‌ಗೆ ಇಪ್ಪತ್ತೆರಡು ವರ್ಷ, ಮನೆಯಲ್ಲಿ ಅವಸರ ಇಲ್ಲ ಎಂದರೆ ಜರ್ಮನಿ. ಅಕ್ಕನ ಮದುವೆಯ ಸಾಲ ತಲೆ ಮೇಲಿದ್ದರೆ ಜಪಾನಿನ ಎಸ್‌ಎಸ್‌ಡಬ್ಲ್ಯೂ. ಎಲೆಕ್ಟ್ರಿಷಿಯನ್ ಡಿಪ್ಲೊಮಾ ಮಾಡಿ ಯಾವುದಾದರೂ ಉಪಕರಣ ಕಂಪನಿಯಲ್ಲಿ ಒಂದು ವರ್ಷ ಮುಗಿಸಿದ್ದರೆ ಜೆ-1 ಯೋಚಿಸಬಹುದು, ಆದರೆ ಅದು ಗಳಿಸಲು ಅಲ್ಲ, ಮರಳಿ ಬಂದು ಮೇಲಿನ ಹುದ್ದೆಗೆ ಏರಲು. ಜಿಎನ್‌ಎಂ ಹುಡುಗಿಗೆ ಜರ್ಮನಿಯ ಮಾನ್ಯತೆ ವೀಸಾ. ಬಿ1 ಬರುವವರೆಗೆ ಇಲ್ಲಿನ ಆಸ್ಪತ್ರೆಯ ಕೆಲಸ ಬಿಡಬಾರದು, ಅನುಭವದಲ್ಲಿ ಬಿರುಕು ಬಿದ್ದರೆ ಅಲ್ಲಿ ಪ್ರಶ್ನೆ ಬರುತ್ತದೆ. ಜೀನ್ಸ್ ಟೇಲರ್‌ಗೆ ಜಪಾನಿನ ಉಡುಪು ಹೊಲಿಗೆ ವಿಭಾಗ ಇದೆ, ಆದರೆ ಹತ್ತು ವರ್ಷದ ಅನುಭವಕ್ಕೆ ಕಾಗದ ಇಲ್ಲದಿರುವುದೇ ಅವರ ದೊಡ್ಡ ತೊಡಕು. ಬಳ್ಳಾರಿಯ ಹೆಚ್ಚಿನ ಘಟಕಗಳಲ್ಲಿ ಪೀಸ್ ಲೆಕ್ಕದ ಕೂಲಿ, ಮಸ್ಟರ್ ಪುಸ್ತಕವೂ ಇರುವುದಿಲ್ಲ.

ಊರಲ್ಲೇ ಮುಗಿಸಬೇಕಾದ್ದು

ಅನುಭವ ಪತ್ರದ ಮಾತು ಬಂತು. ಗುತ್ತಿಗೆ ಕಾರ್ಮಿಕರಿಗೆ ಕಾರ್ಖಾನೆ ಪತ್ರ ಕೊಡುವುದಿಲ್ಲ, ಕೊಡಬೇಕಾದವರು ಗುತ್ತಿಗೆದಾರರು. ಪಿಎಫ್ ಪಾಸ್‌ಬುಕ್ ತೆಗೆದು ನೋಡಿ: ಅದರಲ್ಲಿರುವ ಸಂಸ್ಥೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇವೇ ಪತ್ರದಲ್ಲೂ ಇರಬೇಕು. ಪತ್ರದಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಸಾಚಾ ಅನುಭವವೂ ನಕಲಿ ಎನಿಸಿಕೊಳ್ಳುತ್ತದೆ. ಯಾವ ಯಂತ್ರ, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ ಎಂಬುದು ಬರಲಿ. 'ಒಳ್ಳೆಯ ನಡತೆಯವರು' ಎಂಬ ಸಾಲು ಯಾರಿಗೂ ಬೇಕಿಲ್ಲ.

ಹೆಸರಿನ ಗೊಂದಲ ನಮ್ಮ ಭಾಗದಲ್ಲಿ ಮನೆಮನೆ ಕತೆ. ಎಸ್‌ಎಸ್‌ಎಲ್‌ಸಿಯಲ್ಲಿ ಬರೀ 'ಬಸವರಾಜ', ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ, ಬ್ಯಾಂಕಿನಲ್ಲಿ ಊರಿನ ಹೆಸರು ಸೇರಿಸಿ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಉಳಿದವನ್ನೆಲ್ಲ ಅಂಕಪಟ್ಟಿಗೆ ಹೊಂದಿಸುವುದು ಸುಲಭ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಗಾಬರಿ ಬೇಡ, ಆದರೆ ಉಳಿದ ಕಾಗದಗಳಲ್ಲೂ ಹಾಗೇ ಇರುವಂತೆ ನೋಡಿಕೊಳ್ಳಿ.

ಪಾಸ್‌ಪೋರ್ಟ್ ಶುಲ್ಕ 1,500 ರೂ., ತತ್ಕಾಲ್‌ಗೆ ಮೇಲೆ 2,000. ಬಳ್ಳಾರಿ, ರಾಯಚೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತದೆ. ಅರ್ಜಿಯ ಜೊತೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಡಲು ಮರೆತರೆ ಇಸಿಆರ್ (ವಲಸೆ ಅನುಮತಿ ಬೇಕು ಎಂಬ) ಮುದ್ರೆ ಬೀಳುತ್ತದೆ. ಮೇಲಿನ ದೇಶಗಳಿಗೆ ಅದು ಅಡ್ಡಿಯಲ್ಲ, ಆದರೆ ಮುಂದೆ ಕೊಲ್ಲಿ ದೇಶಕ್ಕೆ ಹೊರಟರೆ ಕಾಡುತ್ತದೆ. ಪೊಲೀಸ್ ಕ್ಲಿಯರೆನ್ಸ್ ಪತ್ರ 500 ರೂ., ಇದನ್ನು ಮಾತ್ರ ಕೊನೆಗೆ ಮಾಡಿಸಿ, ಬಹಳ ಹಳೆಯದಾದರೆ ಒಪ್ಪುವುದಿಲ್ಲ. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರವನ್ನೂ ಕಡತಕ್ಕೆ ಸೇರಿಸುವವರಿದ್ದಾರೆ. ಅದರ ಮಹಿಮೆ ವಿಧಾನಸೌಧದವರೆಗೆ ಮಾತ್ರ.

ದುಡ್ಡು ಕೊಡುವ ಮುನ್ನ

ವಿದೇಶಿ ಉದ್ಯೋಗಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ಪರವಾನಗಿ ಜೀವಂತವೋ ರದ್ದಾಗಿದೆಯೋ ಕಾಣುತ್ತದೆ. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂ. ಮತ್ತು ಜಿಎಸ್‌ಟಿ, ಒಟ್ಟು 35,400. ಮೂರು ನಾಲ್ಕು ಲಕ್ಷ ಕೇಳುವವರು 'ಇದು ಉದ್ಯೋಗ ಅಲ್ಲ, ಟ್ರೈನಿಂಗ್' ಎಂದು ಈ ಮಿತಿಯಿಂದ ನುಣುಚಿಕೊಳ್ಳುತ್ತಾರೆ. ಆಗ ಪ್ರತಿ ದೇಶದ ಕಾಗದವನ್ನೇ ಹಿಡಿದು ತಾಳೆ ನೋಡಿ: ಜೆ-1 ಸ್ಪಾನ್ಸರ್ ಹೆಸರು ಅಮೆರಿಕದ ವಿದೇಶಾಂಗ ಇಲಾಖೆಯ ಪಟ್ಟಿಯಲ್ಲಿದೆಯೇ, ಟಿಐಟಿಪಿ ಕಳಿಸುವ ಸಂಸ್ಥೆ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮದ ಮಾನ್ಯತೆ ಪಡೆದಿದೆಯೇ, ಜರ್ಮನ್ ಒಪ್ಪಂದದಲ್ಲಿರುವ ಕಂಪನಿ ನಿಜವಾಗಿ ಆ ಊರಲ್ಲಿದೆಯೇ, ಅಲ್ಲಿನ ಕೈಗಾರಿಕಾ ಅಥವಾ ಕರಕುಶಲ ಮಂಡಳಿಗೆ ಒಪ್ಪಂದ ಗೊತ್ತಿದೆಯೇ. ಒಂದು ಇಮೇಲ್ ಸಾಕು, ಬಿ1 ಕಲಿಯುತ್ತಿರುವವರಿಗೆ ಅದೇ ಅಭ್ಯಾಸವೂ ಆಯಿತು. ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದಡಿ ಬೆಂಗಳೂರಿನಲ್ಲಿರುವ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲೂ ವಿಚಾರಿಸಬಹುದು.

'ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ' ಎಂಬ ಮಾತು ಬಂದರೆ ಎದ್ದು ಬನ್ನಿ. ಹಣ ಕಂತಿನಲ್ಲಿ ಕೊಡಿ: ಭಾಷೆ ಪಾಸಾದಾಗ ಒಂದು, ಕಂಪನಿಯ ಒಪ್ಪಂದ ಬಂದಾಗ ಒಂದು, ವೀಸಾ ಅಂಟಿದ ಮೇಲೆ ಉಳಿದದ್ದು. ಪ್ರತಿ ಕಂತೂ ಬ್ಯಾಂಕ್ ಮೂಲಕ, ಸಂಸ್ಥೆಯ ಖಾತೆಗೆ, ರಸೀದಿಯಲ್ಲಿ ಯಾವುದಕ್ಕೆ ಎಂದು ಬರೆಸಿ. ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಅದೇ ಕೈಯಲ್ಲಿ ವಾಪಸ್ ತನ್ನಿ.